ಕ್ರೋನ್ಸ್‌ಗೆ ಕರುಳಿನ ಆಪರೇಷನ್ ಬೇಕು ಅಂದಾರ, ಮಾಡಿಸ್ಕೊಂಡವ್ರು ಯಾರರ ಇದ್ರ ಹೇಳ್ರಿ

ಕೊಪ್ಪಳ_ಟೀಚರ್:

ಎಲ್ಲಾರ್ಗೂ ನಮಸ್ಕಾರ್ರಿ. ನಾನು ಕೊಪ್ಪಳ ಜಿಲ್ಲಾದಾಕಿ, ಕುಷ್ಟಗಿ ಕಡಿ ಒಂದು ಹೈಸ್ಕೂಲಿನ್ಯಾಗ ಗೆಸ್ಟ್ ಟೀಚರ್ ಅದೀನಿ. ಕ್ರೋನ್ಸ್, ಅಂದ್ರ ಕರುಳಿನ್ಯಾಗ ಬಾವು ಹುಣ್ಣು ಆಗೋ ಬ್ಯಾನಿ, ಅಂತ ಗೊತ್ತಾಗಿ ಒಂಬತ್ತು ವರ್ಷದ ಮ್ಯಾಲಾತು. ಮೊದ್ಲಿಗೆ ಕರುಳಿನ ಟಿಬಿ ಇರಬೇಕು ಅಂತ ಆರು ತಿಂಗಳು ಟಿಬಿ ಗುಳಿಗಿ ಕೊಟ್ರು, ಅದು ಮುಗದ ಮ್ಯಾಲೂ ಜ್ವರ, ಭೇದಿ, ತೂಕ ಇಳಿಯೋದು ನಿಲ್ಲಲಿಲ್ಲ, ಆಮ್ಯಾಲ ಇನ್ನೊಮ್ಮಿ ಕೊಲೊನೋಸ್ಕೋಪಿ (ಕರುಳಿನ್ಯಾಗ ಕ್ಯಾಮೆರಾ ಬಿಟ್ಟು ನೋಡೋದು) ಮಾಡಿ ತುಣುಕು ತಗದು ಟೆಸ್ಟಿಗೆ ಕಳಿಸಿ ಇದು ಟಿಬಿ ಅಲ್ಲ ಕ್ರೋನ್ಸ್ ಅಂದ್ರು. ಅಲ್ಲಿಂದ ಮೆಸಲಮಿನ್, ಸ್ಟೆರಾಯ್ಡ್, ಅಜಥಯೋಪ್ರಿನ್, ನಡುವ ಅಡಾಲಿಮುಮ್ಯಾಬ್ ಇಂಜೆಕ್ಷನ್, ಎಲ್ಲಾ ಆಗ್ಯಾವು. ಇಂಜೆಕ್ಷನ್ ನಡದಾಗ ಭಾಳ ಛಲೋ ಇದ್ದೆ, ಮಗಳನ್ನ ಕಂಕುಳಾಗ ಹೊತ್ಕೊಂಡು ಗವಿಮಠದ ತೇರಿಗೆ ಹೋಗಿ ಆ ಗದ್ಲದಾಗ ನಿಂತು ಬಂದೀನಿ.

ಈಗ ವರ್ಷಾತು, ತ್ರಾಸು ಬ್ಯಾರೆ ನಮೂನಿ ಆಗೈತಿ. ಭೇದಿ ಕಮ್ಮಿ, ಆದ್ರ ಉಂಡು ಒಂದೆರಡು ತಾಸಿಗೆ ಹೊಕ್ಕಳದ ಬಲಕ್ಕ ಕೆಳಗ ಹಿಡ್ಕೊಂತೈತಿ, ಹೊಟ್ಟಿ ಬಿಗಿಯಾಗಿ ಉಬ್ಬತೈತಿ, ಚರ್ಮದ ಕೆಳಗ ಕರುಳು ಎದ್ದು ಹೊಳ್ಳೋದು ಕಣ್ಣಿಗೇ ಕಾಣ್ತೈತಿ, ಆಮ್ಯಾಲ ಗುಳುಗುಳು ಅಂತ ದೊಡ್ಡ ಸಪ್ಪಳ ಬಂದು ಒಳಗ ಏನೋ ಸರದು ನೋವು ಬಿಡತೈತಿ. ಕ್ಲಾಸಿನ್ಯಾಗ ಹಿಂಗಾದ್ರ ಡಸ್ಟರ್ ಕೈಯಾಗ ಹಿಡದು ಟೇಬಲ್ಲಿಗೆ ಆತು ನಿಂದರ್ತೀನಿ, ಮುಂದಿನ ಬೆಂಚಿನ ಹುಡುಗ್ರು ಟೀಚರ್ ನೀರು ತರ್ಲೇನ್ರಿ ಅಂತಾವ. ದೀಪಾವಳಿ ಮುಂದ ವಾಂತಿ ನಿಲ್ಲದ ಅಡ್ಮಿಟ್ ಆಗಿದ್ದೆ, ಮೂಗಿನ್ಯಾಗ ಪೈಪ್ ಹಾಕಿ ಹೊಟ್ಟಿ ಖಾಲಿ ಮಾಡಿ ಸಲೈನ್ ಮ್ಯಾಲ ಇಟ್ಟಿದ್ರು. ಆಮ್ಯಾಲ ಸಿಟಿ ಎಂಟೆರೋಗ್ರಫಿ ಅಂತ ಕರುಳಿನ ಸ್ಕ್ಯಾನ್ ಮಾಡ್ಸಿದ್ರು, ಅದ್ರಾಗ ಸಣ್ಣ ಕರುಳಿನ ಕೊನೀ ಭಾಗ 14 ಸೆಂಟಿಮೀಟರ್ ಉದ್ದಕ ಕಿರಿದಾಗೈತಿ, ಅದರ ಹಿಂದಿನ ಕರುಳು ಅಗಲಾಗಿ ಉಬ್ಬೈತಿ ಅಂತ ಬಂತು. ಗ್ಯಾಸ್ಟ್ರೋ ಡಾಕ್ಟ್ರು ಬ್ಯಾರೆ ಇಂಜೆಕ್ಷನ್ ಒಂದು ನೋಡಬಹುದು ಆದ್ರ ಗ್ಯಾರಂಟಿ ಇಲ್ಲ, ಸರ್ಜನ್ ಒಬ್ರನ್ನ ಕಾಣ್ರಿ ಅಂದ್ರು. ಸರ್ಜನ್ ನೋಡಿ ಎರಡು ಮೂರು ತಿಂಗಳದಾಗ ಆಪರೇಷನ್ ಮಾಡ್ಸಿಬಿಡ್ರಿ, ತಡಾ ಬ್ಯಾಡ ಅಂದ್ರು.

ನಂಗ ರಾತ್ರಿ ನಿದ್ದಿ ಇಲ್ರಿ. ಅತ್ತಿಯವ್ರು ಕರುಳಿಗೆ ಕತ್ತರಿ ಬಿದ್ದ ಹೆಣ್ಮಗಳು ಮೊದ್ಲಿನ್ಹಂಗ ಆಗಂಗಿಲ್ಲ ಅಂತಾರ, ನಮ್ಮನಿಯವ್ರು ನೀ ಹೆಂಗಂತಿ ಹಂಗ ಅಂತಾರ, ಅದೂ ನನ್ನ ಮ್ಯಾಲೇ ಬಿತ್ತು. ಮಲ ಬೀಳಾಕ ಹೊಟ್ಟಿ ಮ್ಯಾಲ ಚೀಲ ಇಡ್ತಾರಂತಲ್ರಿ, ಅದು ಎಲ್ಲಾರ್ಗೂ ಇಡ್ತಾರೇನು? ಎಷ್ಟು ಕರುಳು ತಗೀತಾರ? ಒಮ್ಮೆ ತಗದ್ರ ಮತ್ತ ಬಂದು ಮತ್ತ ತಗಿಯೋದೇ ಆಗತೈತೇನು? ಇನ್ನೊಂದು ಮಗು ಬೇಕಂತ ಇತ್ತು, ಅದು? ಮತ್ತ ನನ್ನ ಕೈಯಾಗ ಹತ್ತನೇತ್ತಿ ಮಕ್ಕಳದಾವು, ಪರೀಕ್ಷೆ ಮುಗಿಸಿ ಬ್ಯಾಸಗಿ ರಜಾದಾಗ ಮಾಡಿಸ್ಕೊಂಡ್ರ ಪಗಾರಾನೂ ಹೋಗಂಗಿಲ್ಲ, ಅಷ್ಟು ದಿನ ತಡೀಬಹುದೇನ್ರಿ? ಗೂಗಲ್ ನೋಡಿದ್ರ ಇನ್ನೂ ಅಂಜಿಕಿ ಬರ್ತೈತಿ. ನಮ್ಮ ಕಡಿಯವ್ರು ಯಾರರ ಮಾಡಿಸ್ಕೊಂಡಿದ್ರ ಇದ್ದದ್ದು ಇದ್ದಂಗ ಹೇಳ್ರಿ, ಧೈರ್ಯಕ್ಕ ಸುಳ್ಳು ಹೇಳಬ್ಯಾಡ್ರಿ.

ಸಿಂಧನೂರು_ರೈಸ್‌ಮಿಲ್:

ಟೀಚರ್ರೀ, ನಂದೂ ಅದೇ ಜಾಗ, ಸಣ್ಣ ಕಳ್ಳಿನ (ಕರುಳಿನ) ಕೊನೀ ಭಾಗ, ದೊಡ್ಡ ಕಳ್ಳಿಗೆ ಕೂಡೋ ಕಡಿ. ನೀವು ಬರ್ದಿರಲ್ಲ ಗುಳುಗುಳು ಅಂದು ಸರದು ನೋವು ಬಿಡ್ತದ ಅಂತ, ಅದನ್ನ ಓದಿ ನಂಗ ಮೈ ಜುಂ ಅಂತು, ಮಿಲ್ಲಿನಾಗ ತೂಕದ ಚೀಟಿ ಬರಕೊಂತ ಕುಂತಾಗ ನಂಗ ದಿನಾ ಅದೇ ಆಗ್ತಿತ್ತು. ಆಪರೇಷನ್ ಆಗಿ ಆರು ವರ್ಷ ಆತು. ಹೈದ್ರಾಬಾದಿನಾಗ ಮಾಡ್ಸೀವಿ, ನಮ್ ಕಡಿಯಿಂದ ಅದೇ ಹತ್ರ ಅಲ್ರೀ.

ಇದ್ದದ್ದು ಹೇಳ್ರಿ ಅಂದೀರಿ, ಹೇಳ್ತೀನಿ. ಆಪರೇಷನ್ ಮುಂದ ಕೆಲವು ವಾರ ಊಟ ಬಿಡಿಸಿ ಬರೇ ಪೌಡರ್ ಹಾಲಿನ ಮ್ಯಾಲೆ ಇಟ್ರು, ಅದು ಡಾಕ್ಟ್ರು ಬರಕೊಡೋ ಪೌಡರ್, ಪೂರ್ತಿ ಊಟದ ಬದ್ಲಿ ಅದೇ. ಒಗ್ಗರಣಿ ವಾಸ್ನಿ ಬಂದ್ರ ಎದ್ದು ಹೊರಗ ಹೋಗ್ತಿದ್ದೆ, ಅಷ್ಟು ತ್ರಾಸು. ಆದ್ರ ಕಳ್ಳಿನ ಬಾವು ಇಳೀತು, ತೂಕ ಏರ್ತು, ಸ್ಟೆರಾಯ್ಡ್ ಪೂರ್ತಿ ನಿಲ್ಸಿದ್ರು. ಆಪರೇಷನ್ ಹಿಂದಿನ ದಿನ ನರ್ಸ್ ಬಂದು ನಿಂದರಿಸಿ, ಕುಂದರಿಸಿ, ಬಗ್ಗಿಸಿ, ಹೊಟ್ಟಿ ಮ್ಯಾಲೆ ಪೆನ್ನಿಲೆ ಒಂದು ಗುರುತು ಹಾಕಿದ್ರು, ಅಕಸ್ಮಾತ್ ಚೀಲ ಇಡೋದಾದ್ರ ಇಲ್ಲಿ ಅಂತ, ಲುಂಗಿ ಕಟ್ಟೋ ಜಾಗದಾಗ ಬರಬಾರದು ಅಂತ ನೋಡಿ ಹಾಕ್ತಾರ. ಆ ಗುರುತು ನೋಡಿ ನಮ್ಮವ್ವ ಅತ್ತಳು. ಎಚ್ಚರ ಆದ ಕೂಡ್ಲೆ ನಾ ಮೊದ್ಲು ಮುಟ್ಟಿ ನೋಡಿದ್ದು ಆ ಜಾಗಾನೇ, ಬರೇ ಬ್ಯಾಂಡೇಜ್ ಇತ್ತು, ಚೀಲ ಇರ್ಲಿಲ್ಲ. ದುರ್ಬೀನಿಲೆ ಮಾಡಿದ್ರು, ಮೂರ್ನಾಕು ಸಣ್ಣ ತೂತು, ಹೊಕ್ಕಳ ಹತ್ರ ಒಂದು ಸ್ವಲ್ಪ ದೊಡ್ಡ ಗಾಯ, ಅಲ್ಲಿಂದ ತುಂಡು ಹೊರಗ ತಗದಾರ. ನಮ್ಮಣ್ಣಗ ಆ ತುಂಡು ತೋರ್ಸಿದ್ರಂತ, ಗೋಡಿ ದಪ್ಪಾಗಿ ಒಳಗ ಪೆನ್ಸಿಲ್ ಹೋಗೋದೂ ಕಷ್ಟ ಇತ್ತಂತ. ಇಷ್ಟು ಸಣ್ಣ ದಾರ್ಯಾಗ ಇವ ಇಷ್ಟು ವರ್ಷ ಉಂಡಾನಾ ಅಂತ ನಮ್ಮಣ್ಣ ಈಗೂ ಅಂತಾನ.

ಮರುದಿನಾನೇ ಎಬ್ಬಿಸಿ ನಡಿಸ್ತಾರ, ಕಾಲಿನ ರಕ್ತ ಹೆಪ್ಪುಗಟ್ಟಬಾರದು ಅಂತ. ಹೊಟ್ಟಿಗೆ ಸಣ್ಣ ಇಂಜೆಕ್ಷನ್ನೂ ಕೊಡ್ತಾರ ಅದಕ್ಕೇ. ನೋವು ಅದ, ಇಲ್ಲ ಅನ್ನಲ್ಲ. ಕೆಮ್ಮು ಬಂದ್ರ ದಿಂಬು ಹೊಟ್ಟಿಗೆ ಅವಚಿ ಹಿಡ್ಕೋರಿ. ದಿನಾ ಮುಂಜಾನೆ ಡಾಕ್ಟ್ರು ಬಂದು ಗ್ಯಾಸ್ ಹೋತೇನ್ರಿ ಅಂತ ಕೇಳ್ತಾರ, ಹೋದ ದಿನ ಇಡೀ ವಾರ್ಡಿಗೇ ಸಂತೋಷ. ಆಮ್ಯಾಲೆ ನೀರು, ಎಳನೀರು, ಗಂಜಿ, ಮಜ್ಜಿಗಿ ಅನ್ನ. ಒಂದು ವಾರದಾಗ ಮನಿಗೆ ಬಂದೀನಿ.

ಆದ್ರ ಪೂರ್ತಿ ವಾಸಿ ಆಗ್ಯದ ಅಂತ ತಿಳ್ಕೋಬ್ಯಾಡ್ರಿ. ಮೊದಲ ಕೆಲವು ತಿಂಗಳು ಉಂಡ ಕೂಡ್ಲೆ ಸಂಡಾಸಿಗೆ ಓಡೋದಾತು, ಪಿತ್ತದ ನೀರು ಹೀರ್ಕೊಳ್ಳೋ ಜಾಗ ತಗದಾರ ಅದಕ್ಕ ಅಂತ ಹೇಳಿ ಕೊಲೆಸ್ಟಿರಮೈನ್ ಪುಡಿ ಕೊಟ್ರು, ಅದರಿಂದ ನಿಂತು ಬಂತು. ಬಿ12 ವಿಟಮಿನ್ ಇಂಜೆಕ್ಷನ್ ಇನ್ನೂ ತಗೋತೀನಿ. ಆರು ತಿಂಗಳಿಗೆ ಕೊಲೊನೋಸ್ಕೋಪಿ ಮಾಡಿದಾಗ ಜೋಡಿಸಿದ ಜಾಗದಾಗ ಸಣ್ಣ ಹುಣ್ಣು ಮತ್ತ ಬಂದಿದ್ವು, ನಂಗ ಏನೂ ತ್ರಾಸು ಇರ್ಲಿಲ್ಲ ಆದ್ರೂ ಕ್ಯಾಮೆರಾದಾಗ ಕಾಣ್ಸಿದ್ವು, ಆವಾಗ ಕ್ರೋನ್ಸ್ ಇಂಜೆಕ್ಷನ್ ಶುರು ಮಾಡಿದ್ರು, ಅಲ್ಲಿಂದ ಶಾಂತ ಅದ. ಈಗ ಮಿಲ್ಲಿಗೆ ಹೋಗ್ತೀನಿ, ಸುಗ್ಗಿ ಟೈಮಿನಾಗ ರಾತ್ರಿ ಪಾಳಿನೂ ಮಾಡ್ತೀನಿ. ಉಣ್ಣೋಕೆ ಅಂಜಿ ಅಂಜಿ ಕುಂದ್ರೋದು ಹೋಗ್ಯದ, ಅದೊಂದೇ ಸಾಕ್ರಿ ನಂಗ.

ಲಿಂಗಸೂರು_ಮಾವ:

ತಂಗೀ, ಆಪರೇಷನ್ ಒಂದು ಬ್ಯಾಡವ್ವಾ. ದೇವರು ಕೊಟ್ಟ ಕರುಳು ಕೊಯ್ಸ್ಕೊಬಾರ್ದು. ನಮ್ ಕಡಿ ಒಬ್ರು ಬೇರಿನ ಪುಡಿ ಕೊಡ್ತಾರ, ಹೊಟ್ಟಿ ಹುಣ್ಣಿನವ್ರು ಭಾಳ ಮಂದಿ ಗುಣ ಆಗ್ಯಾರ. ಮೂರು ತಿಂಗಳು ಪಥ್ಯ ಮಾಡಿ ಇಂಗ್ಲಿಷ್ ಔಷಧ ನಿಲ್ಲಿಸಿ ತಗೋಬೇಕು ಅಷ್ಟ. ನಿನ್ನ ಒಳ್ಳೇದಕ್ಕ ಹೇಳ್ತೀನಿ.

ರಾಯಚೂರು_ವಾರ್ಡ್_ಡಾಕ್ಟರ್:

ಟೀಚರ್, ನಾನೂ ರಾಯಚೂರಿನವಳೇ, ಈಗ ಬೆಂಗಳೂರಲ್ಲಿ ಹೊಟ್ಟೆ ಸರ್ಜರಿ ವಾರ್ಡಲ್ಲಿ ಕೆಲಸ ಮಾಡ್ತೀನಿ. ನಿಮ್ಮ ಫೈಲ್ ನೋಡದೆ ಮಾಡಿಸಿ, ಬೇಡ ಅಂತ ನಾನು ಹೇಳೋ ಹಂಗಿಲ್ಲ, ಅದು ನಿಮ್ಮ ಡಾಕ್ಟರುಗಳೇ ಹೇಳ್ಬೇಕು. ಆದ್ರೆ ನೀವು ಕೇಳಿದ ಪ್ರಶ್ನೆಗಳಿಗೆ ಗೊತ್ತಿರೋದನ್ನ ಬರೀತೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದಲು ಮಾವನವರಿಗೆ. ನಿಮ್ಮ ಮನಸ್ಸು ಒಳ್ಳೇದು ಗೊತ್ತು, ಆದ್ರೆ ಇಂಗ್ಲಿಷ್ ಔಷಧ ನಿಲ್ಸು ಅನ್ನೋ ಮಾತು ದಯವಿಟ್ಟು ಯಾರಿಗೂ ಹೇಳ್ಬೇಡಿ. ಇವರದು ಬರೀ ಹುಣ್ಣಲ್ಲ, ದಾರಿನೇ ಕಿರಿದಾಗಿದೆ. ಕಿರಿದಾದ ಜಾಗಕ್ಕೆ ನಾರು ಬೇರಿನ ಪುಡಿ ಹೋಗಿ ಅಡ್ಡ ಕೂತ್ರೆ ಅವತ್ತು ರಾತ್ರಿನೇ ಎಮರ್ಜೆನ್ಸಿ ಆಗತ್ತೆ.

ಇಂಜೆಕ್ಷನ್ನಾ ಆಪರೇಷನ್ನಾ ಅನ್ನೋದು. ಕರುಳು ಕಿರಿದಾಗೋದಕ್ಕೆ ಎರಡು ಕಾರಣ, ಒಂದು ಬಾವು, ಇನ್ನೊಂದು ಹಳೇ ಗಾಯ ಮಾದು ಮಾದು ಬಿಗಿದಿರೋದು. ಸುಟ್ಟ ಗಾಯ ಮಾದ ಮೇಲೆ ಚರ್ಮ ಎಳ್ಕೊಂಡು ಬಿಗಿಯತ್ತಲ್ಲ, ಒಳಗೂ ಹಾಗೇ ಆಗತ್ತೆ. ಬಾವಿಗೆ ಔಷಧ ಕೆಲಸ ಮಾಡತ್ತೆ, ಬಿಗಿದಿರೋ ಗಾಯಕ್ಕೆ ಯಾವ ಇಂಜೆಕ್ಷನ್ನೂ ಅಷ್ಟಾಗಿ ಕೆಲಸ ಮಾಡಲ್ಲ. ಸಾಮಾನ್ಯವಾಗಿ ಎರಡೂ ಬೆರೆತಿರತ್ತೆ, ಅದಕ್ಕೇ ನಿಮ್ಮ ಗ್ಯಾಸ್ಟ್ರೋ ಡಾಕ್ಟರು ಗ್ಯಾರಂಟಿ ಇಲ್ಲ ಅಂದಿರೋದು. ಹಿಂದಿನ ಕರುಳು ಅಗಲ ಆಗಿದೆ ಅಂತ ರಿಪೋರ್ಟಲ್ಲಿ ಬಂದಿದೆ, ಅಂದ್ರೆ ಅದು ತಳ್ಳಿ ತಳ್ಳಿ ದಣಿದಿದೆ. ಕೊಲೊನೋಸ್ಕೋಪಿಲಿ ಬಲೂನ್ ಹಾಕಿ ಹಿಗ್ಗಿಸೋದೂ ಇದೆ, ಆದ್ರೆ ಅದು 5 ಸೆಂಟಿಮೀಟರಿಗಿಂತ ಕಮ್ಮಿ ಉದ್ದದ ಜಾಗಕ್ಕೆ, ನಿಮ್ಮದು 14. ಕರುಳು ತೆಗೀದೆ ಉದ್ದಕ್ಕೆ ಸೀಳಿ ಅಡ್ಡ ಹೊಲಿದು ದಾರಿ ಅಗಲ ಮಾಡೋ ಆಪರೇಷನ್ನೂ ಇದೆ, ಅದನ್ನ ಸ್ಟ್ರಿಕ್ಚರೋಪ್ಲಾಸ್ಟಿ ಅಂತಾರೆ, ತುಂಬ ಕಡೆ ಕಿರಿದಾಗಿರೋರಿಗೆ, ಮೊದಲೇ ಸುಮಾರು ಕರುಳು ಕಳ್ಕೊಂಡಿರೋರಿಗೆ ಅದು ಬಹಳ ಉಪಯೋಗ. ನಿಮಗೆ ಅದು ಆಗತ್ತಾ ಅಂತ ಸರ್ಜನ್ ಹತ್ರ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ.

ಆಪರೇಷನ್ ಅಂದ್ರೆ ಔಷಧ ಸೋತಿದೆ, ಇನ್ನೇನೂ ಉಳಿದಿಲ್ಲ ಅಂತ ಜನ ತಿಳ್ಕೊಂತಾರೆ. ಅದು ನನಗೆ ನಿಜವಾಗ್ಲೂ ಬೇಜಾರು ತರೋ ವಿಷಯ, ಯಾಕಂದ್ರೆ ಆ ಭಯಕ್ಕೇ ಜನ ಮುಂದೂಡಿ ಮುಂದೂಡಿ ಮೂಳೆ ಚರ್ಮ ಆದ ಮೇಲೆ ಬರ್ತಾರೆ. ನೆದರ್‌ಲ್ಯಾಂಡ್ಸ್ ಮತ್ತು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸಣ್ಣ ಕರುಳಿನ ಕೊನೇ ಭಾಗಕ್ಕೆ ಮಾತ್ರ ಕ್ರೋನ್ಸ್ ಇದ್ದ, ಇನ್ನೂ ಕರುಳು ಕಿರಿದಾಗದೆ ಇದ್ದ 143 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್, ಒಂದಕ್ಕೆ ದುರ್ಬೀನಿನ ಆಪರೇಷನ್ ಮಾಡಿದ್ರು, 2017ರಲ್ಲಿ ರಿಸಲ್ಟ್ ಬಂತು. ಒಂದು ವರ್ಷದ ನಂತರ ಎರಡೂ ಗುಂಪಿನವರ ಜೀವನ ಹೆಚ್ಚುಕಮ್ಮಿ ಒಂದೇ ಥರ ಇತ್ತು. ಸುಮಾರು ಐದು ವರ್ಷ ಬಿಟ್ಟು ನೋಡಿದಾಗ ಇಂಜೆಕ್ಷನ್ ಗುಂಪಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಆಪರೇಷನ್ ಆಗಿತ್ತು, ಆಪರೇಷನ್ ಗುಂಪಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇಂಜೆಕ್ಷನ್ ಬೇಕಾಗಿತ್ತು, ಎರಡನೇ ಸಲ ಕರುಳು ತೆಗೆಸೋ ಪರಿಸ್ಥಿತಿ ಯಾರಿಗೂ ಬಂದಿರಲಿಲ್ಲ. ನಿಮ್ಮ ಕೇಸು ಅವರಿಗಿಂತ ಮುಂದೆ ಹೋಗಿದೆ, ಅದ್ರಿಂದ ಆ ಲೆಕ್ಕ ನಿಮಗೆ ನೇರವಾಗಿ ಹಚ್ಚೋಕಾಗಲ್ಲ, ಆದ್ರೂ ಇಂಜೆಕ್ಷನ್ನಿನ ಪಕ್ಕ ಸಮನಾಗಿ ನಿಲ್ಲೋ ಚಿಕಿತ್ಸೆ ಇದು ಅನ್ನೋದಕ್ಕೆ ಹೇಳಿದೆ.

ಎಷ್ಟು ತೆಗೀತಾರೆ? ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ ಇರತ್ತೆ. ನಿಮ್ಮ ಥರದ ಕೇಸಲ್ಲಿ ಕೆಟ್ಟಿರೋ ಭಾಗ, ಅದರ ಎರಡೂ ಕಡೆ ಸ್ವಲ್ಪ, ಜೊತೆಗೆ ದೊಡ್ಡ ಕರುಳಿನ ಮೊದಲ ತುಂಡು. ಹಿಂದೆ ಸುರಕ್ಷಿತ ಅಂತ ಜಾಸ್ತಿ ಜಾಸ್ತಿ ತೆಗೀತಿದ್ರು. 1996ರಲ್ಲಿ ಬಂದ ಒಂದು ಟ್ರಯಲಲ್ಲಿ ಅಂಚಿಗೆ 2 ಸೆಂಟಿಮೀಟರ್ ಬಿಟ್ಟು ಕೊಯ್ದವರಿಗೂ 12 ಬಿಟ್ಟು ಕೊಯ್ದವರಿಗೂ ಕಾಯಿಲೆ ತಿರುಗಿ ಬರೋದ್ರಲ್ಲಿ ವ್ಯತ್ಯಾಸ ಇರಲಿಲ್ಲ ಅಂತ ಗೊತ್ತಾದ ಮೇಲೆ ಎಷ್ಟು ಸಾಧ್ಯವೋ ಅಷ್ಟು ಕರುಳು ಉಳಿಸ್ತಾರೆ. ತೊಂದರೆ ಬರೋದು 2 ಮೀಟರಿಗಿಂತ ಕಮ್ಮಿ ಉಳಿದಾಗ, ನೀವು ಅದರ ಹತ್ರಾನೂ ಇಲ್ಲ.

ಮತ್ತೆ ಬರತ್ತಾ? ಬರಬಹುದು, ಸುಳ್ಳು ಹೇಳಲ್ಲ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಕ್ರೋನ್, ಗಿನ್ಜ್‌ಬರ್ಗ್, ಓಪನ್‌ಹೈಮರ್ ಮೂರೂ ಜನ ಸೇರಿ ಈ ಕಾಯಿಲೆ ಬಗ್ಗೆ ಬರೆದಾಗ ಕೆಟ್ಟ ಭಾಗ ತೆಗೆದ್ರೆ ಮುಗೀತು ಅಂತಲೇ ನಂಬಿದ್ರು, ಆಮೇಲೆ ತಿರುಗಿ ಬರೋದು ಕಾಣಿಸ್ತು. ಔಷಧ ಏನೂ ಕೊಡದೆ ಬಿಟ್ರೆ ಒಂದೇ ವರ್ಷದಲ್ಲಿ ಬಹಳಷ್ಟು ಜನರ ಜೋಡಣೆ ಜಾಗದಲ್ಲಿ ಸಣ್ಣ ಹುಣ್ಣು ಕ್ಯಾಮೆರಾಗೆ ಕಾಣತ್ತೆ. ಅದಕ್ಕೇ ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಲೊನೋಸ್ಕೋಪಿ ಮಾಡಲೇಬೇಕು, ತ್ರಾಸು ಇಲ್ಲದಿದ್ರೂ. ಸಿಂಧನೂರಿನವರಿಗೆ ಮಾಡಿದ್ದು ಅದನ್ನೇ, ಹುಣ್ಣು ಸಣ್ಣದಿದ್ದಾಗಲೇ ಹಿಡಿದ್ರು. ಮನೆಯಲ್ಲಿ ಬೀಡಿ ಸಿಗರೇಟ್ ಸೇದೋರು ಇದ್ರೆ ಹೊರಗೆ ಕಳ್ಸಿ, ಕ್ರೋನ್ಸ್ ಇರೋರು ಸೇದಿದ್ರಂತೂ ತಿರುಗಿ ಬರೋ ಸಾಧ್ಯತೆ ಜಾಸ್ತಿ ಆಗೋದು ಖಚಿತ.

ಚೀಲದ ವಿಷಯ. ತಯಾರಿ ಮಾಡ್ಕೊಂಡು ಮಾಡೋ ಆಪರೇಷನ್ನಲ್ಲಿ ಹೆಚ್ಚಿನವರಿಗೆ ನೇರವಾಗಿ ಜೋಡಿಸಿಬಿಡ್ತಾರೆ, ಚೀಲ ಬೇಕಾಗಲ್ಲ. ಹೊಟ್ಟೆಯಲ್ಲಿ ಕೀವು ಕಟ್ಟಿದ್ರೆ, ತೂಕ ಮತ್ತು ರಕ್ತದ ಪ್ರೋಟೀನ್ ತುಂಬ ಕಮ್ಮಿ ಇದ್ರೆ, ಪ್ರೆಡ್ನಿಸೋಲೋನ್ 20 ಮಿಲಿಗ್ರಾಂ ಅಥವಾ ಜಾಸ್ತಿ ಆರು ವಾರಕ್ಕಿಂತ ಹೆಚ್ಚು ನುಂಗ್ತಾ ಇದ್ರೆ, ಹೊಲಿಗೆ ಸೋರೋ ಅಪಾಯ ಏರತ್ತೆ, ಆವಾಗ ಕೆಲವು ತಿಂಗಳು ಚೀಲ ಇಟ್ಟು ಆಮೇಲೆ ಮುಚ್ಚೋದೇ ಜಾಣತನ. ಇದರಲ್ಲಿ ಬಹಳಷ್ಟು ನೀವು ಮೊದಲೇ ಸರಿ ಮಾಡ್ಕೊಳ್ಳೋಕೆ ಆಗೋದು, ದಿನ ಗೊತ್ತು ಮಾಡಿ ಹೋದ್ರೆ ಮಾತ್ರ. ಕರುಳು ಪೂರ್ತಿ ಕಟ್ಕೊಂಡು ಮಧ್ಯರಾತ್ರಿ ಬಂದ್ರೆ ಆ ಅವಕಾಶ ನಮಗೂ ಇರಲ್ಲ, ನಿಮಗೂ ಇರಲ್ಲ.

ಮಗು ವಿಷಯಕ್ಕೆ, ಈ ಆಪರೇಷನ್ ಆದ ಮೇಲೆ ಬಸುರಿ ಆಗಿ ಹೆತ್ತವರು ಬೇಕಾದಷ್ಟು ಜನ ಇದಾರೆ. ಕಾಯಿಲೆ ಜೋರಿರೋವಾಗ ಬಸುರಿ ಆಗೋದೇ ಜಾಸ್ತಿ ತೊಂದರೆ, ಶಾಂತ ಆಗಿ ಕೆಲವು ತಿಂಗಳು ಕಳೆದ ಮೇಲೆ ಒಳ್ಳೇದು. ಮೆಥೊಟ್ರೆಕ್ಸೇಟ್ ಅನ್ನೋ ಔಷಧ ಅಂತೂ ಬಸುರಿಯರಿಗೆ ಕೂಡದು, ಯಾರಾದ್ರೂ ಬರೆದ್ರೆ ಮಗು ಬೇಕಂತ ಇದೆ ಅಂತ ಮೊದಲೇ ಹೇಳಿ.

ರಜೆವರೆಗೆ ತಡೀಬಹುದಾ ಅನ್ನೋದನ್ನ ನಿಮ್ಮ ಸರ್ಜನ್‌ಗೇ ನೇರವಾಗಿ ಕೇಳಿ. ಅಷ್ಟರೊಳಗೆ ವಾಂತಿ ನಿಲ್ಲದಿದ್ರೆ, ಗ್ಯಾಸ್ ಮಲ ಎರಡೂ ಹೋಗದಿದ್ರೆ, ಜ್ವರ ಬಂದ್ರೆ, ಹೊಟ್ಟೆ ಗಟ್ಟಿ ಆಗಿ ಮುಟ್ಟೋಕೂ ಆಗದಿದ್ರೆ ಯಾವ ಪರೀಕ್ಷೆಗೂ ಕಾಯ್ಬೇಡಿ. ನೋವಿಗೆ ಮೆಡಿಕಲ್ ಶಾಪಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೋಬೇಡಿ, ಕ್ರೋನ್ಸ್ ಕೆರಳತ್ತೆ, ಪ್ಯಾರಾಸಿಟಮಾಲ್ ಆಗಬಹುದು. ಶೇಂಗಾ, ಅಗಸಿ ಚಟ್ನಿ, ನುಗ್ಗೆಕಾಯಿ, ಪುಂಡಿಪಲ್ಲೆ ದಂಟು, ಪೇರಲ, ಕಬ್ಬು, ಸದ್ಯಕ್ಕೆ ಬಿಡಿ. ಮೆತ್ತಗೆ ಬೆಂದಿದ್ದು, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ.

ತೋರಣಗಲ್_ಬಿ_ಶಿಫ್ಟ್:

ಅಕ್ಕಾ, ಚೀಲದ ಬಗ್ಗೆ ನಾನು ಹೇಳ್ತೀನಿ ಯಾಕಂದ್ರೆ ನಂಗೆ ಇಟ್ಟಿದ್ರು. ನಂಗೆ ಕ್ರೋನ್ಸ್ ಅಂತಾನೇ ಗೊತ್ತಿರ್ಲಿಲ್ಲ, ಶಿಫ್ಟ್ ಮುಗಿಸಿ ಬಂದು ಹೊಟ್ಟೆನೋವು ಅಂತ ಬಿದ್ಕೊಂಡೋನ್ನ ರಾತ್ರಿ ಬಳ್ಳಾರಿಗೆ ಕರ್ಕೊಂಡೋದ್ರು, ಅಪೆಂಡಿಕ್ಸ್ ಅಂತ ಹೊಟ್ಟೆ ತೆಗೆದು ನೋಡಿದ್ರೆ ಅಪೆಂಡಿಕ್ಸ್ ಪಕ್ಕದ ಕರುಳೇ ಬಾತು ತೂತಾಗಿ ಕೀವು ತುಂಬಿತ್ತಂತೆ. ಕೆಟ್ಟಿದ್ದು ತೆಗೆದು, ಅಷ್ಟು ಕೀವಲ್ಲಿ ಜೋಡಿಸಿದ್ರೆ ನಿಲ್ಲಲ್ಲ ಅಂತ ಕರುಳಿನ ತುದಿ ಹೊಟ್ಟೆ ಮೇಲೆ ತಂದು ಚೀಲ ಹಾಕಿದ್ರು. ಎದ್ದು ನೋಡಿದಾಗ ಕೆಂಪಗೆ ಒದ್ದೆಯಾಗಿ ಹೊರಗೆ ಎದ್ದಿತ್ತು, ನಂಗೆ ಲೋಕಾನೇ ಕತ್ತಲಾಯ್ತು. ಮೂರು ದಿನ ನಾನು ಆ ಕಡೆ ನೋಡ್ಲೇ ಇಲ್ಲ, ನನ್ ಹೆಂಡ್ತಿ ನರ್ಸ್ ಹತ್ರ ಕಲ್ತು ಬದಲಾಯಿಸ್ತಿದ್ಲು.

ಮುಟ್ಟಿದ್ರೆ ನೋವೇ ಇರಲ್ಲ ಅಕ್ಕಾ ಅದಕ್ಕೆ, ಅದು ಯಾರೂ ಹೇಳಲ್ಲ. ಚೀಲ ಮೂರರಲ್ಲಿ ಒಂದು ಪಾಲು ತುಂಬಿದಾಗ್ಲೇ ಖಾಲಿ ಮಾಡ್ಬೇಕು, ಪೂರ್ತಿ ತುಂಬೋಕೆ ಬಿಟ್ರೆ ಭಾರಕ್ಕೆ ಕಿತ್ತು ಬರ್ತೈತೆ. ಅಂಟೋ ಬಿಲ್ಲೆನ ಕರುಳಿನ ಅಳತೆಗೆ ಸರಿಯಾಗಿ ಕತ್ತರಿಸ್ಬೇಕು, ತೂತು ದೊಡ್ಡದಾದ್ರೆ ಕರುಳಿನ ನೀರು ಚರ್ಮಕ್ಕೆ ತಾಗಿ ಸುಟ್ಟು ಹುಣ್ಣಾಗ್ತೈತೆ, ಅದೇ ದೊಡ್ಡ ಸಂಕಟ. ಚರ್ಮ ಚೆನ್ನಾಗಿ ಒಣಗಿಸಿ ಸ್ಟೋಮಾ ಪೌಡರ್ (ಚೀಲದ ಸುತ್ತ ಚರ್ಮಕ್ಕೆ ಹಾಕೋದು) ಹಾಕಿ ಒರೆಸಿ ಅಂಟಿಸಿ ಒಂದೆರಡು ನಿಮಿಷ ಅಂಗೈ ಶಾಖ ಕೊಟ್ರೆ ಮೂರ್ನಾಕು ದಿನ ಗಟ್ಟಿಯಾಗಿ ನಿಲ್ತೈತೆ. ವಾಸನೆ ಬರ್ತೈತೆ ಅಂತ ನಂಗೆ ಬಹಳ ಭಯ ಇತ್ತು, ಸರಿಯಾಗಿ ಅಂಟಿದ್ರೆ ಪಕ್ಕದಲ್ಲಿ ಕೂತವ್ರಿಗೂ ಗೊತ್ತಾಗಲ್ಲ, ಆ ಚೀಲ ಇಟ್ಕೊಂಡೇ ನಾನು ತಂಗಿ ಮದುವೇಲಿ ಓಡಾಡೀನಿ.

ನಿಮ್ಗೆ ಮುಖ್ಯವಾಗಿ ಹೇಳ್ಬೇಕಿರೋದು ಬೇಸಿಗೆ ಬಗ್ಗೆ. ಸಣ್ಣ ಕರುಳಿನ ಚೀಲದಲ್ಲಿ ನೀರು ಉಪ್ಪು ಎರಡೂ ಹೊರಗೆ ಹೋಗ್ತಾ ಇರ್ತಾವೆ, ಯಾಕಂದ್ರೆ ನೀರು ಹೀರೋ ದೊಡ್ಡ ಕರುಳಿಗೆ ಅದು ಹೋಗೋದೇ ಇಲ್ಲ. ನಮ್ ಕಡೆ ಏಪ್ರಿಲ್ ಮೇ ಅಂದ್ರೆ 40 ಡಿಗ್ರಿ ದಾಟ್ತೈತೆ, ಬೆವರು ಬೇರೆ. ಬಾಯಾರ್ತು ಅಂತ ಬರೀ ನೀರು ಕೊಡಗಟ್ಲೆ ಕುಡಿದ್ರೆ ಚೀಲಕ್ಕೆ ಇನ್ನೂ ಜಾಸ್ತಿ ಬಂದು ಮೈಯಲ್ಲಿ ಉಪ್ಪು ಖಾಲಿ ಆಗ್ತೈತೆ, ಕಾಲು ಸೆಳೆತ, ತಲೆಸುತ್ತು, ಮೂತ್ರ ಕಮ್ಮಿ. ಓಆರ್‌ಎಸ್ ಪುಡಿ ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರ್ದಿರ್ತದೋ ಅಷ್ಟಕ್ಕೇ ಕಲಸಿ ಗುಟುಕು ಗುಟುಕಾಗಿ ಕುಡೀಬೇಕು, ಅಂಗಡೀಲಿ ಸಿಗೋ ಸಿಹಿ ಜ್ಯೂಸ್ ಡಬ್ಬಿ ಬೇರೆ, ಅದಲ್ಲ. ಅನ್ನ, ಮೊಸರು, ಬಾಳೆಹಣ್ಣು, ಇವು ಗಟ್ಟಿ ಮಾಡ್ತಾವೆ. ಅದಕ್ಕೇ ರಜೆ ಅಂತ ಬೇಸಿಗೆಗೆ ದೂಡೋ ಬದ್ಲು ಚಳಿ ಇರೋವಾಗ್ಲೇ ಆದ್ರೆ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಚೀಲ ಬರ್ಲಿ ಬರದೇ ಇರ್ಲಿ.

ನಂದು ಕೆಲವು ತಿಂಗಳಾದ ಮೇಲೆ ವಾಪಸ್ ಜೋಡಿಸಿದ್ರು. ಈಗ ಅಲ್ಲಿ ಬರೀ ಒಂದು ಗೆರೆ ಐತೆ.

ಬಳ್ಳಾರಿ_ತಂಗಿ:

ದುಡ್ಡಿನ ವಿಷಯ ಯಾರೂ ಬರ್ದಿಲ್ಲ ಅಂತ ಬರೀತಿದೀನಿ, ನಮ್ಮಣ್ಣಂಗೆ ಓಡಾಡಿದ್ದು ನಾನೇ. ನಿಮ್ದು ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೂ ಐತೆ, ಎಪಿಎಲ್ ಇದ್ರೆ ಪ್ಯಾಕೇಜ್ ರೇಟಿನ 30 ಪರ್ಸೆಂಟ್ ಅಷ್ಟೇ ಸರ್ಕಾರ ಕೊಡ್ತೈತೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಮೊದ್ಲೇ ಡೇಟ್ ಹಾಕಿ ಮಾಡ್ಸೋ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಲೆಟರ್ ಬೇಕು, ನೇರ ಪ್ರೈವೇಟಿಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರ್ಸಿದ್ರೆ ಆಗಲ್ಲ. ನಮ್ಗೆ ಬಳ್ಳಾರಿ ವಿಮ್ಸ್ ಸರ್ಕಾರಿ ಆಸ್ಪತ್ರೆಯಿಂದ ಸಿಕ್ತು, ನಿಮ್ಗೆ ಕೊಪ್ಪಳ ಮೆಡಿಕಲ್ ಕಾಲೇಜ್ ಆಸ್ಪತ್ರೆ ಹತ್ರ ಆಗ್ತೈತೆ, ಅಲ್ಲಿ ಆರೋಗ್ಯಮಿತ್ರ ಅಂತ ಒಂದು ಡೆಸ್ಕ್ ಇರ್ತೈತೆ, ಆಧಾರ್, ರೇಷನ್ ಕಾರ್ಡ್, ಸಿಟಿ ರಿಪೋರ್ಟ್, ಬಯಾಪ್ಸಿ ರಿಪೋರ್ಟ್ ಎಲ್ಲಾ ಎರಡೆರಡು ಜೆರಾಕ್ಸ್ ಇಟ್ಕೊಂಡು ಹೋಗಿ. ಹೈದ್ರಾಬಾದಿಗೆ ಹೋಗೋದಾದ್ರೆ ಕಾರ್ಡ್ ನಡೀತೈತಾ ಇಲ್ವಾ ಅಂತ ಹೋಗೋಕೆ ಮುಂಚೆನೇ ಆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಇನ್ನೊಂದು, ಟಿಬಿ ಗುಳಿಗೆ ತಗೊಂಡಿದ್ದ ಹಳೇ ಚೀಟಿ ಬಿಸಾಕ್ಬೇಡಿ, ಹೋದ ಕಡೆಯೆಲ್ಲಾ ಕೇಳ್ತಾರೆ, ಮುಂದೆ ಇಂಜೆಕ್ಷನ್ ಶುರು ಮಾಡೋವಾಗ್ಲೂ ಟಿಬಿ ಟೆಸ್ಟ್ ಮತ್ತೆ ಮಾಡ್ತಾರೆ.

ಕೊಪ್ಪಳ_ಟೀಚರ್:

ಎಲ್ಲಾರ್ದೂ ಎರಡೆರಡು ಸರ್ತಿ ಓದೀನ್ರಿ. ತೋರಣಗಲ್ ತಮ್ಮಾ, ನೀ ಬರದಿದ್ದು ಓದಿ ನಂಗ ಅಳು ಬಂತು, ಆದ್ರ ಚೀಲದ ಅಂಜಿಕಿ ಅರ್ಧ ಇಳೀತು, ನಿನ್ನ ಹೆಂಡ್ತಿಗೆ ನನ್ನ ನಮಸ್ಕಾರ ಹೇಳಪಾ. ಲಿಂಗಸೂರು ಮಾವಾರ, ನಿಮ್ಮ ಕಾಳಜಿಗೆ ಋಣಿ, ಆದ್ರ ಗುಳಿಗಿ ನಿಲ್ಸೋ ಧೈರ್ಯ ನಂಗಿಲ್ರಿ.

ಇವತ್ತು ಹೆಡ್ಮಾಸ್ಟರಿಗೆ ಹೇಳ್ದೆ. ಹತ್ತನೇತ್ತಿ ಪೋರ್ಷನ್ ನಂದು ಮುಗದೈತಿ, ರಿವಿಜನ್ ಬ್ಯಾರೆ ಟೀಚರ್ ನೋಡ್ಕೋತಾರ ನೀವು ಮೊದ್ಲ ಹೊಟ್ಟಿ ನೋಡ್ಕೋರಿ ಅಂದ್ರು. ಪಗಾರ ಹೋದ್ರ ಹೋಗ್ಲಿ ಅಂತ ನಮ್ಮನಿಯವ್ರೂ ಅಂದ್ರು, ಈ ಸರ್ತಿ ನೀ ಹೆಂಗಂತಿ ಹಂಗ ಅನ್ಲಿಲ್ಲ. ಸೋಮವಾರ ರೆಫರಲ್ ಕೇಳಾಕ ಹೊಂಟೀವಿ. ಸರ್ಜನ್ನಿಗೆ ಕೇಳಬೇಕಾದ್ದೆಲ್ಲಾ ನೋಟ್‌ಬುಕ್ಕಿನ್ಯಾಗ ಬರಕೊಂಡೀನಿ, ಡಾಕ್ಟರ್ ಮೇಡಂ ಹೇಳಿದ ಸ್ಟ್ರಿಕ್ಚರೋಪ್ಲಾಸ್ಟಿ, ರಕ್ತದ ಪ್ರೋಟೀನ್, ಆಪರೇಷನ್ ಮುಂದಿನ ಪೌಡರ್ ಹಾಲು, ಅಜಥಯೋಪ್ರಿನ್ ನಿಲ್ಲಿಸ್ಬೇಕೋ ಬ್ಯಾಡೋ, ಆದಮ್ಯಾಲ ಯಾವ ಔಷಧ ಅಂತ. ಸ್ಟೆರಾಯ್ಡ್ ಸದ್ಯಕ್ಕ ತಗೊಳ್ಳಾಕತ್ತಿಲ್ಲ, ಅದೊಂದು ಛಲೋ ಆತು.

ಸಿಂಧನೂರು ಅಣ್ಣಾರ, ನೀವು ಬರದದ್ದನ್ನ ಅತ್ತಿಯವ್ರಿಗೆ ಜೋರಾಗಿ ಓದಿ ಹೇಳ್ದೆ. ಪೆನ್ಸಿಲ್ ಹೋಗದ ದಾರಿ ಅಂದದ್ದು ಕೇಳಿ ಭಾಳ ಹೊತ್ತು ಸುಮ್ನ ಕುಂತ್ರು, ಆಮ್ಯಾಲ ಒಂದೇ ಮಾತು ಕೇಳಿದ್ರು, ಆ ಹುಡುಗ ಈಗ ಜ್ವಾಳದ ರೊಟ್ಟಿ ಉಣ್ತಾನೇನು ಅಂತ. ಉತ್ತರ ಬೇಕಂತ ಕುಂತಾರ, ಹೇಳ್ರಿ.

ಸಿಂಧನೂರು_ರೈಸ್‌ಮಿಲ್:

ಉಣ್ತೀನಿ ಅಂತ ಹೇಳ್ರಿ ಅಮ್ಮಗ. ಮೊದ್ಲೇ ಬಿಟ್ಟಿಲ್ಲ, ಆರೆಂಟು ವಾರ ಮೆತ್ತಗಿನ ಅನ್ನ, ಹೆಸರುಬ್ಯಾಳಿ ಕಟ್ಟು, ಇಡ್ಲಿ, ಮೊಸರು ಅಷ್ಟೇ. ಆಮ್ಯಾಲೆ ಬಿಸಿ ರೊಟ್ಟಿ ಹಾಲಿನಾಗ ನೆನಸಿ ಕಾಲು ರೊಟ್ಟಿ, ಎರಡು ದಿನ ಬಿಟ್ಟು ಅರ್ಧ, ಹಿಂಗ ಏರಿಸಿದ್ದು. ಈಗ ಎರಡು ಬಿಸಿ ರೊಟ್ಟಿ ಬದನಿಕಾಯಿ ಪಲ್ಲೆ ಹಚ್ಚಿ ಉಣ್ತೀನಿ, ಕಟಿ ರೊಟ್ಟಿ ಮಾತ್ರ ಇನ್ನೂ ಮುಟ್ಟಿಲ್ಲ, ಶೇಂಗಾ ಹಿಂಡಿನೂ ನುಣ್ಣಗ ಕುಟ್ಟಿದ್ರೆ ಮಾತ್ರ. ಮತ್ತ ನೀರಿನ ಕೊಡ, ಮಗಳನ್ನ ಎತ್ತೋದು, ಆರು ವಾರ ಏನೂ ಬ್ಯಾಡ, ಗಾಯದಾಗ ಹರ್ನಿಯಾ ಆಗ್ತದ ಅಂತ ನಂಗ ಅಕ್ಕಿ ಚೀಲದ ಹತ್ರಾನೇ ಬಿಟ್ಟಿರ್ಲಿಲ್ಲ. ಆ ಕೆಲಸ ಅಮ್ಮ ನೋಡ್ಕೋಬೇಕಾಗ್ತದ, ಅದನ್ನೂ ಈಗ್ಲೇ ಹೇಳಿಡ್ರಿ. ಡೇಟ್ ಸಿಕ್ಕ ಕೂಡ್ಲೆ ಇಲ್ಲಿ ಬರೀರಿ, ಹೈದ್ರಾಬಾದ್ ಆದ್ರ ಉಳ್ಕೊಳ್ಳೋಕೆ ಕಮ್ಮಿ ಬಾಡಿಗಿ ರೂಮು ಹೆಂಗ ಹುಡುಕೋದು ಅಂತ ಹೇಳ್ತೀನಿ.